ತಲೆಬಾಗಿಲ ಬೆಳಕಲ್ಲಿ ಒಂದು ಫೋಟೋ

"ಯಾವ ಕ್ಯಾಮೆರಾ ತಗೊಳ್ಳಲಿ?" ಈ ಅಂಕಣ ಶುರುವಾದಾಗಿಂದ ಅತಿ ಹೆಚ್ಚು ಬಂದಿರೋ ಪ್ರಶ್ನೆ ಇದೇ. ಸಂಬಳ ಆದ ವಾರ ಇನ್ನೂ ಜಾಸ್ತಿ. ನನ್ನ ಉತ್ತರ: ಸದ್ಯಕ್ಕೆ ಯಾವುದೂ ಬೇಡ. ಜೇಬಲ್ಲಿರೋ ಫೋನ್ ಸಾಕು. ಒಂದು ತಿಂಗಳು ಅದರಲ್ಲೇ ಮನುಷ್ಯರ ಮುಖ ತೆಗೆಯೋದು ಕಲೀರಿ. ಅದೂ ನಿಮ್ಮ ಮನೆಯ ಹಿರಿಯರ ಮುಖ.

ಯಾಕೆ ಅಂದ್ರೆ, ನಮ್ಮ ಅರಿಶಿನಕುಂಟೆ ಕಡೆ ಯಾರಾದ್ರೂ ತೀರಿಕೊಂಡ್ರೆ ಒಂದೆರಡು ಗಂಟೆಯಲ್ಲಿ ನನಗೆ ಫೋನ್ ಬರುತ್ತೆ. ಕಂಪ್ಯೂಟರ್ ಗೊತ್ತಿರೋ ಹುಡುಗ ಅಂತ. "ಫ್ಲೆಕ್ಸ್‌ಗೆ ಒಂದು ಫೋಟೋ ಬೇಕಿತ್ತು, ಸ್ವಲ್ಪ ಸರಿ ಮಾಡಿಕೊಡಪ್ಪ." ಬರೋದು ಏನು? ಆಧಾರ್ ಕಾರ್ಡಿನ ಚಿತ್ರ. ಇಲ್ಲಾಂದ್ರೆ ಮದುವೆ ಗ್ರೂಪ್ ಫೋಟೋದ ಹಿಂದಿನ ಸಾಲಲ್ಲಿ ಅರ್ಧ ಮರೆಯಾದ ಮುಖ. ಆ ಮನೆಯ ನಾಲ್ಕು ಫೋನ್ ಸೇರಿಸಿದ್ರೆ ಸಾವಿರಾರು ಫೋಟೋ ಇರುತ್ತೆ: ಊಟದ್ದು, ಮಗುದು, ನಂದಿಬೆಟ್ಟದ್ದು. ಎಂಬತ್ತು ವರ್ಷ ಬದುಕಿದ ಜೀವದ್ದು ಒಂದು ನೆಟ್ಟಗಿನ ಚಿತ್ರ ಇರಲ್ಲ. ಪಕ್ಕದವರ ಭುಜ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡ್ತೀನಿ. ಮುಂದಿನ ನಲವತ್ತು ವರ್ಷ ಗೋಡೆ ಮೇಲೆ ಇರೋದು ಅದೇ.

ಹಾಗಾಗಿ ಈ ವಾರ ಪೋರ್ಟ್ರೇಟ್. ಮುಖ್ಯವಾದ ಸೆಟ್ಟಿಂಗ್‌ಗಳೂ ಇದರಲ್ಲೇ ಬಂದುಬಿಡ್ತವೆ.

ಮೊದಲು ಜಾಗ. ಮೂವತ್ತು-ನಲವತ್ತು ಸೈಟಿನ ಮನೆಗಳಲ್ಲಿ ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ. ಒಳ್ಳೆ ಬೆಳಕು ಸಿಗೋದು ತಲೆಬಾಗಿಲಲ್ಲಿ. ನೇರ ಬಿಸಿಲು ಬೀಳದ ಹೊತ್ತು ನೋಡಿಕೊಂಡು, ಹೊಸ್ತಿಲಿಂದ ಎರಡು-ಮೂರು ಅಡಿ ಒಳಗೆ ಕುರ್ಚಿ ಹಾಕಿ, ಮುಖ ಹೊರಗಡೆಗೆ ಸ್ವಲ್ಪ ಓರೆಯಾಗಿರಲಿ. ಒಳಗಿನ ಟ್ಯೂಬ್‌ಲೈಟ್ ಆರಿಸಿ. ಎರಡು ಬಣ್ಣದ ಬೆಳಕು ಬೆರೆತ್ರೆ ಅರ್ಧ ಮುಖ ಹಳದಿ, ಅರ್ಧ ನೀಲಿ ಆಗುತ್ತೆ. ಒಂದು ಕೆನ್ನೆ ತೀರಾ ಕತ್ತಲಾಯ್ತಾ? ಆ ಪಕ್ಕಕ್ಕೆ ಯಾರಾದ್ರೂ ಬಿಳಿ ಪಂಚೆ ಬಿಚ್ಚಿ ಹಿಡಿದುಕೊಳ್ಳಲಿ. ರಿಫ್ಲೆಕ್ಟರ್ ಅಂತ ದುಡ್ಡು ಕೊಟ್ಟು ತರೋದು ಮಾಡೋ ಕೆಲಸವೂ ಇಷ್ಟೇ.

ಇನ್ನು ದೂರ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಒಂದಡಿ ಹತ್ತಿರ ಹೋದ್ರೆ ಮೂಗು ದಪ್ಪ, ಕಿವಿ ಸಣ್ಣ. ನಾಲ್ಕೈದು ಅಡಿ ಹಿಂದೆ ನಿಂತು 2ಎಕ್ಸ್ ಒತ್ತಿ.

ಈಗ ಸೆಟ್ಟಿಂಗ್. ವಾರಕ್ಕೆರಡು ಸಲ ನೀರು ಬಿಡೋ ಊರಿನವರಿಗೆ ಇದು ಬೇಗ ಅರ್ಥ ಆಗುತ್ತೆ. ನಲ್ಲಿ ಎಷ್ಟು ಅಗಲ ಅನ್ನೋದು ಅಪರ್ಚರ್, ಎಷ್ಟು ಹೊತ್ತು ಬಿಟ್ಟಿದ್ವಿ ಅನ್ನೋದು ಶಟರ್ ಸ್ಪೀಡ್. ಬಿಂದಿಗೆ ತುಂಬಬೇಕು, ಉಕ್ಕಬಾರದು. ಅಪರ್ಚರ್ ಲೆಕ್ಕ ಮಾತ್ರ ಉಲ್ಟಾ: ಎಫ್/1.8 ಅಂದ್ರೆ ದೊಡ್ಡ ಕಿಂಡಿ, ಎಫ್/16 ಅಂದ್ರೆ ಸಣ್ಣದು. ಕಿಂಡಿ ದೊಡ್ಡದಾದಷ್ಟೂ ಹಿನ್ನೆಲೆ ಮಸುಕು. ಬಹುತೇಕ ಫೋನ್‌ಗಳಲ್ಲಿ ಇದನ್ನ ಬದಲಾಯಿಸೋಕೆ ಆಗಲ್ಲ. ಪೋರ್ಟ್ರೇಟ್ ಮೋಡ್ ಮಾಡೋ ಮಸುಕು ಸಾಫ್ಟ್‌ವೇರ್ ಲೆಕ್ಕ, ಹಾಗಾಗಿ ಬಿಳಿ ಕೂದಲಿನ ಅಂಚನ್ನ ಒಮ್ಮೊಮ್ಮೆ ತಿಂದುಹಾಕುತ್ತೆ. ಸ್ನೇಹಿತರ ಹತ್ರ ಡಿಎಸ್ಎಲ್ಆರ್, 50 ಎಂಎಂ ಎಫ್/1.8 ಲೆನ್ಸ್ ಇದ್ರೆ ಇಸ್ಕೊಳ್ಳಿ. ಆದ್ರೆ 1.8ಕ್ಕೇ ಇಡಬೇಡಿ; ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಬ್ಬು ಆಗೋ ಸಾಧ್ಯತೆ ಇರುತ್ತೆ. 2.8ರಿಂದ 4ರೊಳಗೆ ಇಡಿ, ಫೋಕಸ್ ಹತ್ತಿರದ ಕಣ್ಣಿನ ಮೇಲೆ.

ಶಟರ್ 1/125 ಸೆಕೆಂಡ್ ಇದ್ರೆ ಕೂತವರ ಮಟ್ಟಿಗೆ ಸಾಕು. ಅದನ್ನ 1/250 ಮಾಡಿದ್ರೆ ಬೆಳಕು ಅರ್ಧಕ್ಕೆ ಇಳಿಯುತ್ತೆ. ಆ ಕೊರತೆ ತುಂಬೋದು ಐಎಸ್ಒ. 100ನ್ನ 200 ಮಾಡಿದ್ರೆ ಚಿತ್ರ ಎರಡರಷ್ಟು ಪ್ರಕಾಶ. ಆದ್ರೆ ಸರಿಯಾಗಿ ಸಿಗದ ರೇಡಿಯೋ ಸ್ಟೇಷನ್‌ಗೆ ಸೌಂಡ್ ಏರಿಸಿದ ಹಾಗೆ, ಹಾಡಿನ ಜೊತೆ ಕರಕರ ಸದ್ದೂ ಏರುತ್ತೆ. ಬಾಗಿಲ ಬೆಳಕಲ್ಲಿ 100ರಿಂದ 400ರೊಳಗೆ ಕೆಲಸ ಆಗಬೇಕು. ಆಗ್ತಿಲ್ಲ ಅಂದ್ರೆ ಕುರ್ಚಿನ ಇನ್ನೊಂದಡಿ ಹೊಸ್ತಿಲ ಕಡೆ ಎಳೀರಿ.

ಒಂದು ವಿಷಯ ಯಾವ ಆಟೋ ಮೋಡೂ ಪೂರ್ತಿ ಸರಿ ಮಾಡಲ್ಲ. ಕ್ಯಾಮೆರಾಗೆ ಲೋಕವೆಲ್ಲ ಸರಾಸರಿ ಬೂದು ಬಣ್ಣ ಅನ್ನೋ ನಂಬಿಕೆ. ತಾತ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಿಳಿ ಗೋಡೆ ಮುಂದೆ ಕೂತ್ರೆ "ಬೆಳಕು ಜಾಸ್ತಿ ಆಯ್ತು" ಅಂದುಕೊಂಡು ಕಡಿಮೆ ಮಾಡುತ್ತೆ, ಮುಖ ಕಪ್ಪಾಗುತ್ತೆ. ಹಿಂದೆ ಕತ್ತಲ ನಡುಮನೆ ಇದ್ರೆ ಇದರ ಉಲ್ಟಾ, ಮುಖ ಸುಣ್ಣ ಬಳಿದ ಹಾಗೆ. ಮುಖದ ಮೇಲೆ ಬೆರಳು ಒತ್ತಿ ಹಿಡೀರಿ, ಫೋಕಸ್ ಲಾಕ್ ಆಗುತ್ತೆ. ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಮೇಲೆ ಕೆಳಗೆ ಎಳೆದು, ಅವರ ನಿಜವಾದ ಬಣ್ಣ ಬರೋವರೆಗೆ ಸರಿ ಮಾಡಿ. ಬ್ಯೂಟಿ ಫಿಲ್ಟರ್ ದಯವಿಟ್ಟು ಆಫ್ ಮಾಡಿ. ಸುಕ್ಕು ಅಳಿಸಿದ ಅಜ್ಜಿ ಯಾರ ಅಜ್ಜಿಯೂ ಅಲ್ಲ.

ಇಷ್ಟೆಲ್ಲ ಸುಲಭದ ಭಾಗ. ಕಷ್ಟ ಇರೋದು ಕೂರಿಸೋದರಲ್ಲಿ. "ನಂದೇನೋ ಫೋಟೋ, ಬಿಡಪ್ಪ" ಅಂತಾರೆ. ಫೋಟೋ ತೆಗೆದ್ರೆ ಆಯಸ್ಸು ಕಮ್ಮಿ ಅನ್ನೋರು ಇನ್ನೂ ಇದ್ದಾರೆ. ಒಪ್ಪಿದ್ರೂ ಹಳೇ ಸ್ಟುಡಿಯೋ ಅಭ್ಯಾಸ, ಕಂಬದ ಥರ ಬಿಗಿದುಕೊಂಡು ಕೂರ್ತಾರೆ. ಕೈಗೆ ಕೆಲಸ ಕೊಡಿ. ಮೊರದ ತುಂಬ ಅವರೆಕಾಯಿ ಸುಲೀತಾ ಇರಲಿ, ನೀವು ಹಳೇ ಜಮೀನಿನ ವಿಷಯ ಎತ್ತಿ. ಹತ್ತು ನಿಮಿಷ ಆದಮೇಲೆ ಕ್ಯಾಮೆರಾ ಮರೆತಿರ್ತಾರೆ, ಆಗ "ಅಜ್ಜಿ" ಅಂತ ಒಂದು ಸಲ ಕರೆಯಿರಿ, ತಲೆ ಎತ್ತಿ ನೋಡ್ತಾರೆ. ಅದೇ ಗಳಿಗೆ. ಯಾಕೆ ತೆಗೀತಿದ್ದೀರಿ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅವರಿಗೆ ಗೊತ್ತಿರುತ್ತೆ. ನಮ್ಮಜ್ಜಿ ಹೋದ ವರ್ಷ ತಾವೇ ಓಲೆ ಹಾಕಿಕೊಂಡು ಬಂದು, "ಗೋಡೆಗೆ ಹಾಕೋ ಅಂಥದ್ದು ಒಂದು ತೆಗಿ, ಬಾಯಿ ಮುಚ್ಚಿರೋದು, ಹಲ್ಲಿಲ್ಲ" ಅಂದ್ರು. ನಗು ತಡೆಯೋಕಾಗದೆ ಬಾಯಿ ತೆರೆದಿರೋದೇ ಚೆನ್ನಾಗಿ ಬಂತು. ಎರಡನ್ನೂ ಇಟ್ಟಿದ್ದೀನಿ, ಆಯ್ಕೆ ಅವರದ್ದೇ.

ಒಳ್ಳೆ ಉದಾಹರಣೆ ಬೇಕಿದ್ರೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನ ಹುಡುಕಿ ನೋಡಿ. ದೊಡ್ಡ ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು, ಪದ್ಮಶ್ರೀ ಪಡೆದವರು. ಅವರ ಹೆಸರು ನಿಂತಿರೋದು ಮಾತ್ರ ಸಾಮಾನ್ಯ ಜನರ, ಮಕ್ಕಳ ಮುಖಗಳಿಂದ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಕಂಡವು.

ಬೇರೆ ಪ್ರಕಾರಗಳಲ್ಲೂ ಇದೇ ಮೂರು ಸೆಟ್ಟಿಂಗ್, ಲೆಕ್ಕ ಮಾತ್ರ ಬೇರೆ. ಲ್ಯಾಂಡ್‌ಸ್ಕೇಪ್‌ಗೆ ನಮ್ಮ ತಾಲ್ಲೂಕಿನ ಶಿವಗಂಗೆಗಿಂತ ಒಳ್ಳೆ ಮೇಷ್ಟ್ರಿಲ್ಲ. ಪೂರ್ವದಿಂದ ನೋಡಿದ್ರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪ ಅಂತ ಹಿರಿಯರು ಹೇಳ್ತಾರಲ್ಲ, ನಿಲ್ಲೋ ಜಾಗ ಬದಲಾದ್ರೆ ಚಿತ್ರವೇ ಬದಲಾಗುತ್ತೆ ಅನ್ನೋದು ಅಷ್ಟೇ. ನೆಲಮಂಗಲ ಕಡೆಯಿಂದ ನೋಡೋರಿಗೆ ಬೆಳಗ್ಗೆ ಬಂಡೆಯ ಮೇಲೆ ಬಿಸಿಲು, ಸಂಜೆ ಬರೀ ಕಪ್ಪು ಆಕೃತಿ. ಎಫ್/8, ಐಎಸ್ಒ 100. (ಹೈವೇ ಮೇಲೆ ಗಾಡಿ ನಿಲ್ಲಿಸಿ ತೆಗೀಬೇಡಿ.) ರಾತ್ರಿ ತುಮಕೂರು ರಸ್ತೆಯ ಲಾರಿಗಳು ಬೆಳಕಿನ ಗೆರೆಗಳಾಗಿ ಬರಬೇಕಾ? ತಾರಸಿ ಮೇಲೆ ಟ್ರೈಪಾಡ್ ಇಟ್ಟು ಶಟರ್ 8–10 ಸೆಕೆಂಡ್ ತೆರೆದಿಡಿ. ಹಾರೋ ಹಕ್ಕಿಗೆ 1/2000, ಜೊತೆಗೆ ಉದ್ದ ಲೆನ್ಸ್. ಅದೊಂದಕ್ಕೆ ಮಾತ್ರ ಫೋನ್ ಸಾಲಲ್ಲ, ಕ್ಯಾಮೆರಾ ಮಾತು ಆಗ ಎತ್ತೋಣ.

ಕೊನೆಗೆ ಪ್ರಿಂಟ್. 12 ಮೆಗಾಪಿಕ್ಸೆಲ್ ಫೋಟೋ ಅಂದ್ರೆ ಸುಮಾರು 4000 × 3000 ಚುಕ್ಕಿ. ಇಂಚಿಗೆ 300ರಂತೆ 12 × 10 ಇಂಚಿಗೆ ಧಾರಾಳ. ಆದ್ರೆ ಸ್ಟುಡಿಯೋದವರಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ್ರೆ ಕುಗ್ಗಿಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಎರಡು ಪ್ರತಿ ಹಾಕಿಸಿ, ಒಂದನ್ನ ಅವರ ಕೈಗೇ ಕೊಡಿ.

ಮುಂದಿನ ವಾರ: ಹಬ್ಬದ ಮನೆ, ಓಡಾಡೋ ಮಕ್ಕಳು, ಎಲ್ಇಡಿ ಬಲ್ಬು. ಫೋಟೋದಲ್ಲಿ ಅಡ್ಡ ಪಟ್ಟಿ ಯಾಕೆ ಬರುತ್ತೆ, 1/100ಕ್ಕೆ ಇಟ್ರೆ ಯಾಕೆ ಹೋಗುತ್ತೆ ಅನ್ನೋದನ್ನ ನೋಡೋಣ.