ಮನೇಲೇ ಚೆನ್ನಾಗಿ ಮಾಡ್ತೀಯಲ್ಲ

ಹೋಟ್ಲಿಗೆ ಕರ್ಕಂಡು ಹೋದಾಗ ನಮ್ಮ ಗಂಡಸ್ರು ಹೇಳೋ ಮಾತೊಂದೈತೆ. ನಿಮ್ಮನೇಲೂ ಹೇಳಿರ್ತಾರೆ ಬಿಡಿ. ಮೊದ್ಲು ಮೆನು ಕಾರ್ಡಲ್ಲಿ ರೇಟು ನೋಡ್ತಾರೆ, ಆಮೇಲೆ ಒಂದು ತುತ್ತು ಬಾಯಿಗಿಟ್ಕಂಡು, "ಇದಕ್ಕಿಂತ ನೀನೇ ಮನೇಲಿ ಚೆನ್ನಾಗಿ ಮಾಡ್ತೀಯಲ್ಲೇ" ಅಂತಾರೆ. ಪಕ್ಕದಲ್ಲಿ ಕೂತಿರೋ ಮಕ್ಕಳೂ ಹೂಂಗುಟ್ತಾರೆ. ನಾವೂ ಮುಖ ಅರಳಿಸ್ಕಂಡು ಕೂತ್ಕತೀವಿ. ಆ ಮಾತಿನ ಮೇಲೆ ನನಗೆ ತಕರಾರೈತೆ. ಹೊಗಳಿದಂಗೆ ಕೇಳ್ಸುತ್ತೆ, ಆದ್ರೆ ಅದರಿಂದ ಆಗೋದೇನು ಅಂದ್ರೆ, ಇನ್ನಾರು ತಿಂಗಳು ಹೋಟ್ಲು ಅನ್ನೋ ಮಾತೇ ಮನೇಲಿ ಏಳಲ್ಲ. ಅವತ್ತು ಸಂಜೆಗೇ ನಾವು ದೋಸೆಗೆ ಅಕ್ಕಿ ಉದ್ದಿನಬೇಳೆ ನೆನೆ ಹಾಕಿರ್ತೀವಿ.

ರುಚಿ ವಿಚಾರಕ್ಕೆ ಬಂದ್ರೆ ನಾನೂ ಒಪ್ತೀನಿ. ನಮ್ಮ ಕಡೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಯಿಹಾಲಿನ ಶಾವಿಗೆ ಮುಂದೆ ಯಾವ ಹೋಟ್ಲೂ ಇಲ್ಲ. ಆದ್ರೆ ರುಚಿಗೋಸ್ಕರ ಹೋಗ್ತೀನಿ ಅಂದೋರ್ಯಾರು? ನಾನು ಹೋಗೋದು ಕೂತ್ಕಳಕ್ಕೆ. ಬಿಸಿ ಇರೋದನ್ನ ಬಿಸಿ ಇದ್ದಾಗಲೇ ತಿನ್ನಕ್ಕೆ. ಮನೇಲಿ ದೋಸೆ ಹುಯ್ಯೋ ದಿನ ನೆನಪು ಮಾಡ್ಕಳಿ. ಒಂದೊಂದೇ ಹುಯ್ದು ಎಲ್ಲರ ತಟ್ಟೆಗೂ ಹಾಕಿ, "ಇನ್ನೊಂದು ಹಾಕ್ಲಾ" ಅಂತ ಕೇಳಿ, ಕಡೇದು ನಮ್ದು. ಅಷ್ಟೊತ್ತಿಗೆ ಚಟ್ನಿ ತಳ ಕಂಡಿರುತ್ತೆ. ಸ್ಟವ್ ಪಕ್ಕ ನಿಂತ್ಕಂಡೇ ಮುಗಿಸ್ತೀವಿ.

ಅದಕ್ಕೇ ನನಗೆ ದರ್ಶಿನಿ ಹೋಟ್ಲು ಅಂದ್ರೆ ಅಷ್ಟಕ್ಕಷ್ಟೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಶುರುವಾಯ್ತು, ಆಮೇಲೆ ಈ ಪದ್ಧತಿ ಊರೂರಿಗೂ ಬಂತು. ದುಡ್ಡು ಕೊಟ್ಟು ಚೀಟಿ ತಗಂಡು, ತಟ್ಟೆ ನಾವೇ ಇಸ್ಕಂಡು, ಎತ್ತರದ ಮೇಜಿನ ಮುಂದೆ ನಿಂತು ತಿನ್ನೋದು. ಆಫೀಸಿಗೆ ಓಡೋರಿಗೆ ಕಡಿಮೆ ಕಾಸಲ್ಲಿ ಚೊಕ್ಕಟವಾದ ತಿಂಡಿ ಸಿಗುತ್ತೆ, ಬೇಡ ಅನ್ನಲ್ಲ. ಆದ್ರೆ ನಿಂತು ತಿನ್ನೋದನ್ನ ನಾನು ಮನೇಲಿ ಪುಕ್ಕಟೆ ಮಾಡ್ತೀನಲ್ಲ, ಅದಕ್ಕೆ ದುಡ್ಡು ಬೇರೆ ಯಾಕೆ ಕೊಡ್ಲಿ? ಮಂಡಿ ನೋವಿನ ಮಾತು ಆಮೇಲಿರಲಿ.

ಹೋದ ಸಲ ಮಗನ ಮನೆಗೆ ಬೆಂಗಳೂರಿಗೆ ಹೋಗಿದ್ದಾಗ, ಊರ್ತುಂಬ ಬ್ರಾಂಚ್ ಇರೋ ಒಂದು ಹೋಟ್ಲಿಗೆ ಕರ್ಕಂಡೋದ. ಹೆಸರು ಬೇಡ. ಏಸಿ, ಮೆತ್ತನೆ ಸೀಟು. ಮೆನು ನೋಡಕ್ಕೂ ಮೊಬೈಲಲ್ಲಿ ಸ್ಕ್ಯಾನ್ ಮಾಡ್ಬೇಕು. ನಮ್ಮತ್ತೇರೂ ಬಂದಿದ್ರು, ಅವರಿಗೀಗ ಎಂಬತ್ತರ ಹತ್ರ. ಅವರಿಗೆ ಇಡ್ಲಿ ಹೇಳಿದ್ವಿ, ಮಿಕ್ಕೋರಿಗೆ ದೋಸೆ, ಊಟ. ಇಡ್ಲಿ ಬೇಗ ಬರುತ್ತಲ್ಲ, ಎಲ್ಲರಿಗಿಂತ ಮೊದ್ಲು ಅವರ ಮುಂದೆ ತಂದಿಟ್ರು. ಅತ್ತೆ ಮುಟ್ಟಲೇ ಇಲ್ಲ. ಕೈ ಎರಡೂ ಮಡ್ಲಲ್ಲಿ ಇಟ್ಕಂಡು ಕೂತ್ರು. "ತಿನ್ನಿ ಅತ್ತೆ, ಆರೋಗುತ್ತೆ" ಅಂದೆ. "ಅವನಿಗಿನ್ನೂ ಬಂದಿಲ್ವಲ್ಲಮ್ಮ" ಅಂದ್ರು, ನಮ್ಮನೆಯವ್ರ ಕಡೆ ನೋಡ್ಕಂಡು. ಅವರ ಮಗನಿಗೆ ಅರವತ್ತಕ್ಕೆ ಎರಡು ಕಮ್ಮಿ, ಫೋನ್ ನೋಡ್ತಾ ಕೂತಿದ್ರು. ಊಟ ಬರೋ ಹೊತ್ತಿಗೆ ಇಡ್ಲಿ ತಣ್ಣಗಾಗಿ ಹೋಗಿತ್ತು. ಅದನ್ನೇ ತಿಂದ್ರು. ತಿಂತಾ ತಿಂತಾ ಬಡಿಸೋ ಹುಡುಗನ್ನ "ನಿಂದು ಊಟ ಆಯ್ತೇನಪ್ಪ" ಅಂತ ಬೇರೆ ಕೇಳಿದ್ರು. ಅವನು ನಕ್ಕಂಡು "ಮೂರೂವರೆ ಆಗುತ್ತೆ ಅಜ್ಜಿ" ಅಂದ.

ಅರವತ್ತು ವರ್ಷ ಕಡೇಲಿ ಉಂಡಿರೋ ಕೈ, ಹೋಟ್ಲಲ್ಲಿ ಕೂರಿಸಿದ ತಕ್ಷಣ ಮೊದ್ಲು ಉಣ್ಣುತ್ತಾ? ರೂಢಿ ಆಗ್ಬೇಕು. ಯುಗಾದಿಗೊಂದ್ಸಲ ದೀಪಾವಳಿಗೊಂದ್ಸಲ ಹೋದ್ರೆ ಸಾಲದು, ಆಗಾಗ ಹೋಗ್ಬೇಕು ಅನ್ನೋದು ಅದಕ್ಕೇ.

ನಮ್ಮವ್ವನ ಕಾಲಕ್ಕೆ ಹೋಟ್ಲು ಅಂದ್ರೆ ಗಂಡಸರ ಜಾಗ. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋದ ಅಪ್ಪ ಅಲ್ಲೇ ತಿಂಡಿ ತಿಂದು, ನಮಗೆ ಬಾಳೆ ಎಲೇಲಿ ಕಟ್ಟಿಸ್ಕಂಡು ಬರೋರು, ಮೇಲೊಂದು ಪೇಪರು, ದಾರ. ಅವ್ವ ಗಂಟು ಬಿಚ್ಚಿ ನಮಗೆಲ್ಲ ಹಂಚಿ, ಎಲೆಗೆ ಅಂಟಿರೋದನ್ನ ತಾನು ಬಳ್ಕಂಡು ತಿನ್ನೋಳು. ಪೇಟೆ ಹೋಟ್ಲುಗಳಲ್ಲಿ ಹೆಂಗಸ್ರಿಗೆ ಅಂತ ಒಂದು ಮೂಲೆಗೆ ಪರದೆ ಬಿಟ್ಟು 'ಫ್ಯಾಮಿಲಿ ರೂಮ್' ಅಂತ ಬೋರ್ಡು ಹಾಕಿರೋರು. ಆ ಪರದೆ ಹೋಗಿದ್ದೇ ಒಂದು ದೊಡ್ಡ ಕೆಲಸ ಅಂತ ನಾನು ಅಂದ್ಕಂಡಿದೀನಿ.

ಇನ್ನೊಂದು ತಮಾಷೆ ನೋಡಿ. ಅಡುಗೆ ಹೆಂಗಸರ ಕೆಲಸ ಅಂತಾರೆ, ಆದ್ರೆ ಹೋಟ್ಲಲ್ಲಿ ಒಲೆ ಮುಂದೆ ಇರೋರು ಹೆಚ್ಚಾಗಿ ಗಂಡಸ್ರೇ, ಅದೂ ಸಂಬಳಕ್ಕೆ. ರವೆ ಇಡ್ಲಿ ನಮ್ಮ ಹೋಟ್ಲಲ್ಲೇ ಹುಟ್ಟಿದ್ದು, ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಆಗಿದ್ದಾಗ ಮಾಡಿದ್ದು ಅಂತ ಬೆಂಗಳೂರಿನ ಎಂ.ಟಿ.ಆರ್.ನೋರು ಹೇಳ್ತಾರೆ. ಹೋಟ್ಲು ಭಟ್ರು ಸಂಬಳ ತಗಂಡು ಮಾಡಿದ ತಿಂಡಿನ ಈಗ ನಾವು ಮನೇಲಿ ಸಂಬಳ ಇಲ್ದೆ ಮಾಡಿ, "ಹೋಟ್ಲಿಗಿಂತ ಚೆನ್ನಾಗೈತೆ" ಅನ್ನಿಸ್ಕತೀವಿ.

ದುಡ್ಡಿನ ಮಾತಿಗೆ ಬರ್ತೀನಿ. "ಕಾಯಿ ನಮ್ಮ ತೋಟದ್ದು, ಬೆಂಗಳೂರಿಗೆ ಬಂದು ಕಾಯಿಚಟ್ನಿಗೆ ದುಡ್ಡು ಕೊಡ್ಬೇಕಾ" ಅಂತ ನಮ್ಮನೆಯವ್ರು. ಚಟ್ನೀಲಿ ಕಾಯಿ ಇದ್ರಲ್ವಾ! ಅವತ್ತು ಕೊಟ್ಟಿದ್ದು ಮುಕ್ಕಾಲು ಹುರಿಗಡಲೆ. ಅವರ ಕಷ್ಟ ಅವರಿಗೂ ಇರುತ್ತೆ ಅನ್ನಿ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದೋರು ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ, ತಿಪಟೂರು ಹರಾಜಲ್ಲಿ ರೇಟು ಅದರ ಎರಡರಷ್ಟು ದಾಟಿತ್ತು. ಆ ರೇಟಲ್ಲಿ ಹೋಟ್ಲೋರು ಕಾಯಿ ಎಲ್ಲಿಂದ ಸುರೀತಾರೆ. ಆದ್ರೆ ನಮ್ಮ ಮನೆಗಳಿಗೆ ಅದು ಒಳ್ಳೇ ವರ್ಷ ತಾನೆ? ಕಾಯಿ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಇಲಿ ಹೆಗ್ಗಣ ಕಾದು, ಸುಲಿದ ಮೇಲೆ ಚಿಪ್ಪು ಬಿಡಿಸಿ, ಆರಿಸಿ, ಚೀಲ ತುಂಬೋವರ್ಗೂ ನಮ್ಮ ಕೈ ಇರುತ್ತೆ. ಆ ದುಡ್ಡಲ್ಲಿ ಬೋರ್‌ವೆಲ್ ರಿಪೇರಿ ಆಯ್ತು, ಬೈಕ್ ಬಂತು, ಯಾರೂ ಸೊಲ್ಲೆತ್ತಲಿಲ್ಲ. ಮನೆ ಮಂದಿ ಒಂದು ಹೊತ್ತು ಕೂತು ಉಂಡ್ರೆ ಅದಕ್ಕೆ ದುಂದು ಅಂತ ಹೆಸರು.

ಹಂಗಂತ ಕೇಳಿದಷ್ಟು ಕೊಟ್ಟು ಬನ್ನಿ ಅಂತಿಲ್ಲ. ಬಿಲ್ಲು ಓದೋದನ್ನ ಗಂಡಸರಿಗೇ ಬಿಡೋದು ಬೇಡ. ಇಂಥ ಹೋಟ್ಲಲ್ಲಿ ಸಾಮಾನ್ಯವಾಗಿ 5 ಪರ್ಸೆಂಟ್ ಜಿ.ಎಸ್.ಟಿ. ಇರುತ್ತೆ, ಅದು ಕೊಡ್ಲೇಬೇಕು. ಅದರ ಜೊತೆಗೆ ಸರ್ವಿಸ್ ಚಾರ್ಜ್ ಅಂತ ಇದ್ರೆ ಅದು ಕಡ್ಡಾಯ ಅಲ್ಲ. ತಾನಾಗೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳೈತೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ನಮ್ಮ ಬಿಲ್ಲಲ್ಲಿ ಇತ್ತು. "ಇದನ್ನ ತೆಗೀರಿ" ಅಂತ ನಾನೇ ಅಂದೆ. ಮ್ಯಾನೇಜರು ನನಗೆ ಉತ್ತರ ಕೊಡ್ದೆ ನಮ್ಮ ಹುಡುಗನ ಮುಖ ನೋಡ್ದ. ಅವನು "ಅಮ್ಮ ಹೇಳ್ತವ್ರಲ್ಲ" ಅಂದ ಮೇಲೆ ಬೇರೆ ಬಿಲ್ಲು ಬಂತು. ಉಳಿದಿದ್ದರಲ್ಲಿ ಒಂದಷ್ಟನ್ನ ಅತ್ತೆ ಆ ಬಡಿಸೋ ಹುಡುಗನ ಕೈಗೇ ಕೊಡಿಸಿದ್ರು.

ಇನ್ನು ಆರ್ಡರ್ ಹೇಳೋವಾಗ "ನನಗೇನಾದ್ರೂ ಆಗುತ್ತೆ" ಅನ್ನೋ ಚಾಳಿ. ನಮ್ಮ ವಾರಗಿತ್ತಿ ಅಂತೂ ಒಂದು ದಿನಕ್ಕೂ ತನಗೇನು ಬೇಕು ಅಂತ ಹೇಳಿದೋಳಲ್ಲ. ಮೊಮ್ಮಗ ಅರ್ಧ ತಿಂದು ಬಿಟ್ಟ ನೂಡಲ್ಸ್ ತನ್ನ ಕಡೆ ಎಳ್ಕಂಡು, "ದುಡ್ಡು ಕೊಟ್ಟಿರೋದು, ಎಸೆಯಕ್ಕಾಗುತ್ತಾ" ಅಂತಾಳೆ. ಅವಳಿಗೆ ನೂಡಲ್ಸ್ ಕಂಡ್ರೆ ಆಗಲ್ಲ. ಅಲ್ಲಕ್ಕ, ನಿನಗೆ ಮಸಾಲೆ ದೋಸೆ ಇಷ್ಟ ಅಂತ ನನಗೆ ಗೊತ್ತು, ಬಾಯಿಬಿಟ್ಟು ಹೇಳಕ್ಕೇನು?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿಂದ ಸರ್ಕಾರಿ ಬಸ್ಸು ನಮಗೆ ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿ ತುಮಕೂರು, ಬೆಂಗಳೂರು, ಧರ್ಮಸ್ಥಳ ಎಲ್ಲ ತಿರುಗಿದ್ವಿ. ಆದ್ರೂ ಬೆಳಗ್ಗೆ ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಲೆಸಿ ಡಬ್ಬಿ ಕಟ್ಕಂಡೇ ಹೋಗೋದು. ಬಸ್ ಸ್ಟ್ಯಾಂಡಿನ ಬೆಂಚಲ್ಲಿ ಕೂತು, ಹೋಗೋ ಬರೋರಿಗೆ ಬೆನ್ನು ತಿರುಗಿಸ್ಕಂಡು ತಿನ್ನೋದು. ನೀರಂತೂ ಕುಡಿಯಲ್ಲ, ಯಾಕೆ ಅಂತ ನಿಮಗೇ ಗೊತ್ತು. ಗಂಡಸ್ರಿಲ್ದೆ ನಾಲ್ಕು ಹೆಂಗಸ್ರು ಹೋಟ್ಲಲ್ಲಿ ಕೂತ್ರೆ ನೋಡ್ದೋರು ಏನಂತಾರೋ ಅಂತ ಹಿಂಜರಿಕೆ. ಈ ಬ್ರಾಂಚ್ ಹೋಟ್ಲುಗಳಲ್ಲಿ ನನಗೆ ಹಿಡಿಸಿದ್ದೇ ಅದು. ನೀವು ಯಾರ ಮನೆಯೋರು ಅಂತ ಒಬ್ಬರೂ ಕೇಳಲ್ಲ. ರೇಟು ಮುಂಚೇನೇ ಕಾಣುತ್ತೆ. ನಾನು ನೋಡಿರೋ ಕಡೆ ಎಲ್ಲ ಹೆಂಗಸ್ರಿಗೆ ಬೇರೆ ಬಾತ್‌ರೂಮು ಐತೆ, ಒಳಗಿಂದ ಚಿಲಕ ಬೀಳುತ್ತೆ. ಚಟ್ನಿ ಹೆಂಗಾದ್ರೂ ಇರಲಿ.

ದೀಪಾವಳಿಗೆ ಮುಂಚೆ ಸೀರೆ ತಗಳಕ್ಕೆ ತುಮಕೂರಿಗೆ ಹೋಗೋಣ ಅಂತ ನಾವು ಮೂರ್ನಾಲ್ಕು ಜನ ಅಂದ್ಕಂಡಿದೀವಿ. ಅತ್ತೇರೂ ಬತ್ತಾರೆ. ಬರೋರು ಹೇಳಿ, ಡಬ್ಬಿ ಮಾತ್ರ ಯಾರೂ ತರಬೇಡಿ.