ದುರಸ್ತಿ ಖಾತೆಯಲ್ಲಿ ಉಳಿತಾಯ, ಪೆಟ್ರೋಲ್ ಖಾತೆಯಲ್ಲಿ ನಷ್ಟ

ವರ್ಷಾಂತ್ಯದಲ್ಲಿ ಪರಿಶೀಲನೆಗೆ ಬರುವ ಸಣ್ಣ ವ್ಯಾಪಾರ ಸಂಸ್ಥೆಗಳ ಲೆಕ್ಕಪುಸ್ತಕಗಳಲ್ಲಿ ಒಂದು ಸಂಗತಿ ಪದೇ ಪದೇ ಕಣ್ಣಿಗೆ ಬೀಳುತ್ತದೆ. ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯ ಕೆಳಗೆ ಅತ್ಯಲ್ಪ ಮೊತ್ತವಿರುತ್ತದೆ; ‘ಪೆಟ್ರೋಲ್ ವೆಚ್ಚ’ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿರುತ್ತದೆ. ಮಾಲೀಕರು ಮೊದಲನೆಯದನ್ನು ತೋರಿಸಿ ಸಂತೋಷಪಡುತ್ತಾರೆ, ಎರಡನೆಯದಕ್ಕೆ ತೈಲ ಬೆಲೆಯನ್ನು ದೂರುತ್ತಾರೆ. ಬೆಲೆಯ ಪಾಲು ಇದೆ, ನಿಜ. ಆದರೆ ಆ ಏರಿಕೆಯ ಒಂದು ಭಾಗವು ಸ್ಕೂಟರಿನ ಎಡಬದಿಯ ಮುಚ್ಚಳದೊಳಗೆ ಸವೆದು ಕುಳಿತಿರುವ ಆರು ಸಣ್ಣ ರೋಲರುಗಳಿಂದ ಬಂದದ್ದು ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ನಮ್ಮ ನಗರದ ವ್ಯಾಪಾರವು ಇಂದು ಬಹುಮಟ್ಟಿಗೆ ಗೇರಿಲ್ಲದ ಸ್ಕೂಟರಿನ ಮೇಲೆ ನಡೆಯುತ್ತಿದೆ. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಅದು ಅನುಕೂಲಸ್ಥರ ವಾಹನವಾಗಿತ್ತು. ಈ ಶತಮಾನದ ಆರಂಭದಲ್ಲಿ ಆಕ್ಟಿವಾ ಬಂದ ನಂತರ ಅಂಗಡಿಯ ಗುಮಾಸ್ತರಿಂದ ಹಿಡಿದು ವಸೂಲಿಗೆ ಹೋಗುವ ಹುಡುಗರವರೆಗೆ ಎಲ್ಲರ ಕೈಗೂ ಈ ಬಗೆಯ ವಾಹನ ಸಿಕ್ಕಿತು. ಬ್ರಹ್ಮಪುರದ ಇಕ್ಕಟ್ಟಾದ ಓಣಿಗಳಲ್ಲಿ ಹತ್ತು ಮಾರಿಗೊಮ್ಮೆ ನಿಲ್ಲಿಸಿ, ಮತ್ತೆ ಎಳೆದು, ಸೂಪರ್ ಮಾರ್ಕೆಟ್ ದಾಟಿ ನೆಹರೂ ಗಂಜ್ ಮುಟ್ಟುವ ಸ್ಕೂಟರಿಗೆ ಹೆದ್ದಾರಿಯಲ್ಲಿ ಸಮವೇಗದಿಂದ ಓಡುವ ವಾಹನದ ಸುಖವಿಲ್ಲ. ಪ್ರತಿ ಬಾರಿ ನಿಂತು ಹೊರಡುವಾಗಲೂ ಅದರ ವೇರಿಯೇಟರಿನೊಳಗಿನ ರೋಲರುಗಳು ಜಾಗ ಬದಲಿಸುತ್ತವೆ.

ಅದರ ಕೆಲಸ ಸರಳವಾದುದು. ಇಂಜಿನ್ ವೇಗ ಹೆಚ್ಚಿದಂತೆ ರೋಲರುಗಳು ಹೊರಮುಖವಾಗಿ ಎಸೆಯಲ್ಪಟ್ಟು ಪುಲ್ಲಿಯ ಒಂದು ತಟ್ಟೆಯನ್ನು ಒತ್ತುತ್ತವೆ, ಬೆಲ್ಟು ಮೇಲಕ್ಕೇರುತ್ತದೆ, ಗೇರು ಬದಲಿಸಿದ ಪರಿಣಾಮ ತಾನಾಗಿಯೇ ಉಂಟಾಗುತ್ತದೆ. ದುಂಡಗಿನ ರೋಲರು ಒಂದು ಬದಿಗೆ ಸವೆದು ಚಪ್ಪಟೆಯಾದರೆ ಉರುಳುವ ಬದಲು ಜಾರತೊಡಗುತ್ತದೆ. ಆಗ ತಟ್ಟೆ ಸರಿಯಬೇಕಾದಷ್ಟು ಸರಿಯುವುದಿಲ್ಲ. ಹೊರಡುವಾಗ ಗಾಡಿ ಜಗ್ಗುತ್ತದೆ, ಇಂಜಿನ್ ಕೂಗುತ್ತದೆ, ವೇಗ ಮಾತ್ರ ಬರುವುದಿಲ್ಲ. ಸವಾರನು ಆಕ್ಸಿಲರೇಟರ್ ಇನ್ನಷ್ಟು ತಿರುಗಿಸುತ್ತಾನೆ. ಗಾಡಿ ನಿಲ್ಲದ ಕಾರಣ ‘ಚೆನ್ನಾಗಿಯೇ ಓಡುತ್ತಿದೆ’ ಎಂದು ಎಲ್ಲರೂ ಸುಮ್ಮನಿರುತ್ತಾರೆ.

ಇದೇ ತತ್ವದ ಯಂತ್ರ ಗುಲ್ಮಾರ್ಗದ ಹಿಮದ ಮೇಲೆ ಪ್ರವಾಸಿಗರನ್ನು ಹೊತ್ತು ಓಡುವ ಸ್ನೋಮೊಬೈಲುಗಳಲ್ಲಿಯೂ ಇದೆ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿಯೇ ಇದನ್ನು ಕಾರಿಗೆ ಅಳವಡಿಸಿತ್ತು. ಅನೇಕ ಸ್ನೋಮೊಬೈಲುಗಳ ಕ್ಲಚ್ಚಿನಲ್ಲಿ ರೋಲರು ಒಂದು ಪಿನ್ನಿನ ಮೇಲೆ ತಿರುಗುತ್ತದೆ, ನಡುವೆ ತೆಳುವಾದ ಬುಷ್ ಇರುತ್ತದೆ. ಬುಷ್ ಸವೆದರೆ ರೋಲರು ಓಲಾಡಿ ವಾರೆಯಾಗುತ್ತದೆ, ಭಾರದ ತೋಳು ಅದರ ಮೇಲೆ ಸಮನಾಗಿ ಸರಿಯದು, ಕಡೆಗೆ ಬೆಲ್ಟು ಸುಟ್ಟುಹೋಗುತ್ತದೆ. ಅಲ್ಲಿನ ಜಾಣ ಮೆಕ್ಯಾನಿಕ್ಕನು ಸುಟ್ಟ ಬೆಲ್ಟನ್ನಷ್ಟೇ ಬದಲಿಸಿ ಕೈ ತೊಳೆದುಕೊಳ್ಳುವುದಿಲ್ಲ. ಹಳೆಯ ಬುಷ್ ಒತ್ತಿ ತೆಗೆದು ಹೊಸದನ್ನು ಕೂಡಿಸುತ್ತಾನೆ. ಒಂದು ಸವೆದಿದ್ದರೂ ಮೂರನ್ನೂ ಬದಲಿಸುತ್ತಾನೆ. ಮಂಜಿನ ನಡುವೆ ಗಾಡಿ ಕೆಟ್ಟು ನಿಂತರೆ ನಡೆದು ಬರುವ ಕಷ್ಟ ಅವನಿಗೆ ಗೊತ್ತು. ನಮ್ಮಲ್ಲಿ ಆ ಭಯವಿಲ್ಲ. ಓಣಿಗೊಂದು ಗ್ಯಾರೇಜು ಇದೆ. ಆದ್ದರಿಂದಲೇ ನಮ್ಮವರು ಬೆಲ್ಟನ್ನು ಮಾತ್ರ ಬದಲಿಸಿ ಅದನ್ನು ತಿಂದ ರೋಲರನ್ನು ಹಾಗೆಯೇ ಬಿಡುತ್ತಾರೆ. ಹೊಸ ಬೆಲ್ಟೂ ಅದೇ ದಾರಿ ಹಿಡಿಯುತ್ತದೆ.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ದಿನಕ್ಕೆ 40 ಕಿಲೋಮೀಟರಿನಂತೆ 300 ದಿನ ಓಡಿದರೆ ವರ್ಷಕ್ಕೆ 12,000 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರು 40ಕ್ಕೆ ಇಳಿದರೆ 267 ಲೀಟರಿನ ಬದಲು 300 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ ಹೆಚ್ಚುವರಿ ವೆಚ್ಚ ಸುಮಾರು 3,300 ರೂಪಾಯಿ. ರೋಲರುಗಳ ಒಂದು ಸೆಟ್ಟಿಗೆ ಬೀಳುವುದು ಕೆಲವು ನೂರು ರೂಪಾಯಿ. ಸಂಸ್ಥೆಯಲ್ಲಿ ಅಂತಹ ಐದು ಸ್ಕೂಟರುಗಳಿದ್ದರೆ ಗುಣಾಕಾರವನ್ನು ಮಾಲೀಕರೇ ಮಾಡಿಕೊಳ್ಳಬಹುದು. ದುರಸ್ತಿ ಖಾತೆಯಲ್ಲಿ ತೋರಿದ ಉಳಿತಾಯ ಎಲ್ಲಿಗೆ ಹೋಯಿತು ಎಂಬುದು ಆಗ ತಿಳಿಯುತ್ತದೆ.

ಬದಲಿಸುವಾಗ ಗಮನಿಸಬೇಕಾದ ಅಂಶಗಳು ಹೆಚ್ಚಿಲ್ಲ. ಆರೂ ರೋಲರುಗಳು ಒಂದೇ ತೂಕದವಾಗಿರಬೇಕು, ಕಂಪನಿ ಹೇಳಿದ ತೂಕದವೇ ಆಗಿರಬೇಕು. ಹಗುರವಾದುದನ್ನು ಹಾಕಿದರೆ ಇಂಜಿನ್ ಅನಗತ್ಯವಾಗಿ ಹೆಚ್ಚು ಸುತ್ತು ತಿರುಗುತ್ತದೆ. ಕೈಪಿಡಿ ಹೇಳದ ಹೊರತು ಗ್ರೀಸ್ ಬಳಿಯಬಾರದು. ಅದು ಧೂಳನ್ನು ಹಿಡಿದಿಡುತ್ತದೆ, ಬೆಲ್ಟಿಗೆ ತಗುಲಿದರೆ ಜಾರಿಸುತ್ತದೆ. ನಮ್ಮ ಊರಿನ ಧೂಳಿನ ವಿಷಯ ವಿವರಿಸಬೇಕಾಗಿಲ್ಲ. ಒಮ್ಮೆ ಬಿಚ್ಚಿದ ಮೇಲೆ ತಟ್ಟೆಯ ನಡುವಿನ ಬುಷ್ ಮತ್ತು ಜಾರುವ ಪ್ಲಾಸ್ಟಿಕ್ ತುಂಡುಗಳನ್ನೂ ನೋಡಿಸಬೇಕು. ಕೂಲಿ ಹೇಗೂ ಕೊಡಬೇಕಾಗಿದೆ. ಹಾಗೆಂದು ರೋಲರು ಸವೆದಿದ್ದಕ್ಕೆ ಇಡೀ ಕ್ಲಚ್ ಜೋಡಣೆಯನ್ನೇ ಬದಲಿಸಬೇಕೆಂಬ ಸಲಹೆಗೆ ಕೂಡಲೇ ಒಪ್ಪಬೇಕಾಗಿಲ್ಲ. ತೆಗೆದ ಭಾಗವನ್ನು ಕೈಗೆ ತೆಗೆದುಕೊಂಡು ನೋಡುವ ಹಕ್ಕು ಹಣ ಕೊಡುವವರಿಗಿದೆ.

ಕಪನೂರ ಕೈಗಾರಿಕಾ ಪ್ರದೇಶದ ಬೇಳೆ ಗಿರಣಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಎಲಿವೇಟರಿನ ಅಥವಾ ಶಾಫ್ಟಿನ ಬುಷ್ ಸವೆದಾಗ ಶಾಫ್ಟು ಓಲಾಡುತ್ತದೆ, ಬೆಲ್ಟು ಜಾರುತ್ತದೆ, ಮೋಟಾರು ಹೆಚ್ಚು ವಿದ್ಯುತ್ ಎಳೆಯುತ್ತದೆ. ಎಮರಿ ರೋಲರು ತೂಗಾಡಿದರೆ ಬೇಳೆ ಒಡೆಯುತ್ತದೆ. ಇಲ್ಲಿ ನಷ್ಟ ಅಡಗುವುದು ವಿದ್ಯುತ್ ಬಿಲ್ಲಿನಲ್ಲಿ ಮತ್ತು ಬೇಳೆಯ ದರ ಸಿಗದ ನುಚ್ಚು, ಚುನ್ನಿಯಲ್ಲಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆ ಹೆಸರಿಗೆ ಬರುವ ಬೆಲೆ ಇಡಿಯಾದ ಬೇಳೆಗೆ, ಒಡೆದುದಕ್ಕಲ್ಲ. ಲೇಥ್ ಅಂಗಡಿಯಲ್ಲಿ ಒಂದು ಗನ್‌ಮೆಟಲ್ ಬುಷ್ ಕಡೆಸಲು ತಗಲುವ ಖರ್ಚನ್ನು ಒಂದು ದಿನದ ನುಚ್ಚಿನ ನಷ್ಟದೊಡನೆ ಹೋಲಿಸಿ ನೋಡಿದ ಗಿರಣಿ ಮಾಲೀಕರು ವಿರಳ.

ತೆರಿಗೆಯ ದೃಷ್ಟಿಯಿಂದಲೂ ದುರಸ್ತಿಗೆ ಹೆದರಬೇಕಾದ ಕಾರಣವಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಮು ‘ಚಾಲ್ತಿ ದುರಸ್ತಿ’ಯನ್ನು ಖರ್ಚೆಂದು ಒಪ್ಪಿತು, 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ನಿಗದಿಯಾದ 2025ರ ಕಾಯ್ದೆಯೂ ದುರಸ್ತಿ ವೆಚ್ಚವನ್ನು ಕೈಬಿಟ್ಟಿಲ್ಲ. ಇರುವ ಆಸ್ತಿಯನ್ನು ಕಾಪಾಡುವ ಖರ್ಚು ದುರಸ್ತಿ, ಹೊಸ ಆಸ್ತಿಯನ್ನು ತರುವ ಖರ್ಚು ದುರಸ್ತಿಯಲ್ಲ ಎಂಬ ಅಳತೆಯನ್ನು ಸರ್ವೋಚ್ಚ ನ್ಯಾಯಾಲಯವು 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಪ್ಪಿ, 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಮತ್ತೆ ಅನ್ವಯಿಸಿತು. ಬುಷ್ ಬದಲಿಸುವುದು ಈ ಗೆರೆಯ ಒಳಗೆ ನಿಸ್ಸಂಶಯವಾಗಿ ಬರುತ್ತದೆ. ಇಡೀ ಯಂತ್ರವನ್ನೇ ಬದಲಿಸಿ ‘ದುರಸ್ತಿ’ ಎಂದು ಬರೆಯುವವರಿಗೆ ಮಾತ್ರ ತೊಂದರೆ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಸ್ಥರಿಗೆ ಯಾವ ಖರ್ಚನ್ನೂ ಪ್ರತ್ಯೇಕವಾಗಿ ಕಳೆಯುವ ಅವಕಾಶವಿಲ್ಲ. ಆದ್ದರಿಂದ ಅವರು ವ್ಯರ್ಥವಾಗಿ ಸುಟ್ಟ ಪೆಟ್ರೋಲಿನ ಪೂರ್ಣ ಭಾರ ಅವರದೇ ಜೇಬಿನ ಮೇಲೆ ಬೀಳುತ್ತದೆ.

ಗಿರಣಿಯ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಹುಟ್ಟುವಳಿಯ ವಿಷಯದಲ್ಲಿ ಒಂದು ಎಚ್ಚರಿಕೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮುಂಚಿತವಾಗಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ ತೆರಿಗೆಯಿದೆ, ಬಿಡಿ ಮಾರಾಟಕ್ಕೆ ಇಲ್ಲ. ಎರಡನ್ನೂ ಮಾರುವವರು ಹುಟ್ಟುವಳಿಯನ್ನು ಪ್ರಮಾಣಾನುಸಾರ ಮಾತ್ರ ಪಡೆಯಬಹುದು. ಬಿಲ್ಲು ಕೊಡದ ಸಣ್ಣ ಲೇಥ್ ಅಂಗಡಿಗೆ ಹಣ ಕೊಟ್ಟಾಗ ದಿನಾಂಕ, ಭಾಗದ ಹೆಸರು, ಯಂತ್ರದ ಗುರುತು ಬರೆದು ಸಹಿ ಪಡೆದ ವೋಚರ್ ಇಡಬೇಕು. ಅದೇ ವೋಚರನ್ನು ನೋಡಿ ಮುಂದಿನ ಬದಲಾವಣೆ ಯಾವಾಗ ಎಂಬುದನ್ನೂ ತಿಳಿಯಬಹುದು.

ಹೊಸ ತೊಗರಿ ಡಿಸೆಂಬರ್–ಜನವರಿಯಲ್ಲಿ ಗಂಜಿಗೆ ಬರುತ್ತದೆ. ಗಿರಣಿಯ ಬುಷ್‌ಗಳ ಪರೀಕ್ಷೆ ನವೆಂಬರಿನೊಳಗೆ ಮುಗಿಯಬೇಕು. ಸ್ಕೂಟರುಗಳನ್ನು ಬೇಸಿಗೆಗೆ ಮುನ್ನ, ಮಾರ್ಚಿನಲ್ಲಿ ಬಿಚ್ಚಿಸುವುದು ಲೇಸು. ಬಿಡಿಭಾಗಗಳನ್ನು ಸದಸ್ಯರ ಪರವಾಗಿ ಒಟ್ಟಾಗಿ, ಬಿಲ್ಲಿನ ಸಹಿತ ಖರೀದಿಸುವ ವ್ಯವಸ್ಥೆಯನ್ನು ವಾಣಿಜ್ಯ ಮಂಡಳಿಯು ಕೈಗೆತ್ತಿಕೊಂಡರೆ ನಕಲಿ ರೋಲರುಗಳ ಕಾಟವೂ ಕಡಿಮೆಯಾದೀತು. ಈ ಸೂಚನೆಯನ್ನು ಮುಂದಿನ ಕಾರ್ಯಕಾರಿ ಸಭೆಯ ಮುಂದೆ ಇಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ.