ತಳ್ಳೋರು ಯಾರು?

ಮೊದಲ ಇಂಟರ್ನಲ್ಸ್ ಮುಗಿದ ಸಂಜೆ ಕ್ಯಾಂಟೀನಿನಲ್ಲಿ ಕೂತು ಜೂನಿಯರ್‌ಗಳಿಗೆ ನಾವೊಂದು ಸುಲಭದ ಪ್ರಶ್ನೆ ಕೇಳಿದೆವು. ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೀರಿ, ಅದು ಕೈ ಬಿಟ್ಟು ಇನ್ನೂ ಮೇಲೇರ್ತಾ ಇದೆ. ಗಾಳಿಯ ಅಡ್ಡಿ ಲೆಕ್ಕಕ್ಕಿಲ್ಲ. ಈಗ ಅದರ ಮೇಲೆ ಯಾವ್ಯಾವ ಬಲ ಇದೆ? ಹೆಚ್ಚಿನವರು ಎರಡು ಬಾಣ ಬರೆದರು: ಕೆಳಕ್ಕೆ ಗುರುತ್ವ, ಮೇಲಕ್ಕೆ ‘ಎಸೆದ ಬಲ’. ನಗಬೇಡಿ, ಫಸ್ಟ್ ಇಯರ್‌ನಲ್ಲಿ ನಾವೂ ಅದನ್ನೇ ಬರೆದವರು, ಅದೂ ಪಿಯುಸಿ ಫಿಸಿಕ್ಸ್‌ನಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡು.

ಒಬ್ಬಳು ಮಾತ್ರ ಕೆಳಮುಖದ ಬಾಣವೊಂದನ್ನೇ ಬರೆದಿದ್ದಳು. ಯಾಕೆ ಅಂದಾಗ, “ಕೈ ಬಿಟ್ಟ ಮೇಲೆ ತಳ್ಳೋರು ಯಾರಿದಾರೆ ಅಕ್ಕಾ?” ಅಂದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕ್ಲಾಸಿನಲ್ಲಿ ಇದೇ ಪ್ರಶ್ನೆ ಬಂದಾಗ ಸುಮ್ಮನೆ ಕೂತಿದ್ದಳಂತೆ. ಉತ್ತರ ಗೊತ್ತಿತ್ತು, ಇಂಗ್ಲಿಷ್ ವಾಕ್ಯ ಜೋಡಿಸೋದ್ರೊಳಗೆ ಬೇರೆಯವರು ತಪ್ಪು ಉತ್ತರವನ್ನು ಜೋರಾಗಿ ಹೇಳಿ ಮುಗಿಸಿದ್ದರು.

ಅವಳು ಕೇಳಿದ್ದೇ ಈ ಪಾಠದ ಜೀವಾಳ. ಬಲ ಅನ್ನೋದು ವಸ್ತುವಿನೊಳಗೆ ತುಂಬಿಟ್ಟ ಸರಕಲ್ಲ. ಒಂದು ವಸ್ತು ಇನ್ನೊಂದನ್ನು ತಳ್ಳಬೇಕು, ಇಲ್ಲಾ ಎಳೆಯಬೇಕು. ಮೇಲೇರುವ ಚೆಂಡಿನಲ್ಲಿ ಉಳಿದಿರೋದು ಸಂವೇಗ, ಬಲವಲ್ಲ. ಬಸ್ಸು ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸ್ತೀವಲ್ಲ, ಆಗಲೂ ನಮ್ಮನ್ನು ಯಾರೂ ಮುಂದಕ್ಕೆ ತಳ್ಳಿರೋದಿಲ್ಲ. ಬಸ್ಸು ನಿಂತಿತು, ನಾವು ನಿಲ್ಲಲಿಲ್ಲ, ಅಷ್ಟೆ.

ನ್ಯೂಟನ್ನನ ಮೂರನೇ ನಿಯಮದಲ್ಲಂತೂ ನಮ್ಮ ಕನ್ನಡ ವ್ಯಾಕರಣವೇ ಕೈ ಹಿಡಿಯುತ್ತೆ. ಮೇಜಿನ ಮೇಲೆ ಪುಸ್ತಕ ಇದೆ. ಅದರ ತೂಕಕ್ಕೆ ಪ್ರತಿಕ್ರಿಯೆ ಯಾವುದು ಅಂದರೆ, ಮೇಜು ಕೊಡೋ ನಾರ್ಮಲ್ ಬಲ ಅಂತೀವಿ. ತಪ್ಪು. ‘ಭೂಮಿ ಪುಸ್ತಕವನ್ನು ಎಳೆಯುತ್ತದೆ’ ಅಂತ ಬರೆಯಿರಿ. ಕ್ರಿಯಾಪದ ಮುಟ್ಟದೆ ಕರ್ತೃ, ಕರ್ಮ ಅದಲುಬದಲು ಮಾಡಿ: ‘ಪುಸ್ತಕ ಭೂಮಿಯನ್ನು ಎಳೆಯುತ್ತದೆ’. ಅದೇ ಜೋಡಿ. ‘ಮೇಜು ಪುಸ್ತಕವನ್ನು ತಳ್ಳುತ್ತದೆ’ ಅನ್ನೋದು ಬೇರೆಯೇ ಜೋಡಿಯ ಅರ್ಧ. ತೂಕವೂ ನಾರ್ಮಲ್ಲೂ ಸಮ ಇರೋದು ಪುಸ್ತಕಕ್ಕೆ ವೇಗೋತ್ಕರ್ಷ ಇಲ್ಲದ್ದರಿಂದ, ಮೂರನೇ ನಿಯಮದಿಂದಲ್ಲ. ಲಿಫ್ಟ್ ಮೇಲಕ್ಕೆ ಹೊರಡುವಾಗ ನಾರ್ಮಲ್ ಹೆಚ್ಚಾಗುತ್ತೆ, ಆಗ ಅವೆರಡೂ ಸಮವಲ್ಲ. ಹೈಸ್ಕೂಲಲ್ಲಿ ಬೈಸಿಕೊಂಡು ಕಲಿತ ‘ಅನ್ನು’ ಪ್ರತ್ಯಯ ಇಲ್ಲಿ ಕೆಲಸಕ್ಕೆ ಬಂತು ನೋಡಿ!

ಹಾಗಂತ ಕನ್ನಡದಲ್ಲಿ ಎಲ್ಲಾ ಸಲೀಸು ಅಂತಲ್ಲ. ಅಂಗಡಿಯ ತೂಕ ಕೆಜಿಯಲ್ಲಿ, ಪಾಠದ ತೂಕ ನ್ಯೂಟನ್‌ನಲ್ಲಿ. ಮನೆಯಲ್ಲಿ ವೇಗ ಅಂದರೆ ಸ್ಪೀಡು. ಪುಸ್ತಕದಲ್ಲಿ ಸ್ಪೀಡಿಗೆ ಜವ. ವೇಗೋತ್ಕರ್ಷಕ್ಕೆ ನಾಲಿಗೆ ಹೊರಳದವರು ಆಕ್ಸಲರೇಶನ್ ಅಂತಲೇ ಅನ್ನಲಿ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೀಬೇಕು, ಅದನ್ನು ಕಲೀಲೇಬೇಕು. ನಮ್ಮ ಬೇಡಿಕೆ ಸಣ್ಣದು: ಟ್ಯುಟೋರಿಯಲ್‌ನಲ್ಲಿ, ವೈವಾದಲ್ಲಿ ಕನ್ನಡದಲ್ಲಿ ಹೇಳಿದ್ದನ್ನೂ ಉತ್ತರ ಅಂತ ಎಣಿಸಿ. ಮೇಷ್ಟ್ರಿಗೆ ಕನ್ನಡ ಬಾರದಿದ್ದರೆ ಪಕ್ಕದ ಬೆಂಚಿನವರು ಇಂಗ್ಲಿಷಿನಲ್ಲಿ ತಿಳಿಸಲಿ. ಒಂದು ನಿಮಿಷ ಹೆಚ್ಚು ಹಿಡಿದೀತು.

ಆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. “ಎತ್ತು ಗಾಡಿನ ಎಳೆದಷ್ಟೇ ಗಾಡಿನೂ ಎತ್ತನ್ನ ಎಳೆದ್ರೆ, ಗಾಡಿ ಹೊರಡೋದು ಹೆಂಗೆ?” ಅಂದಳು. ಎರಡು ಸುತ್ತು ಟೀ ಆಯ್ತು. ಎತ್ತು ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ ಅಂತ ಬಾಣ ಎಳೆಯೋ ಹೊತ್ತಿಗೆ ಕ್ಯಾಂಟೀನಿನವರು ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡ್ತಾ ಇದ್ದರು.